ಬಯಲು ದಾಟಿದ ಹೊರಸುಗಳು

ನಮ್ಮ ಊರಿನಲ್ಲಿ ಯುದ್ಧದ ಸದ್ದು ಕೇಳುವುದಿಲ್ಲ. ಬೇರೆಲ್ಲ ಸದ್ದೂ ಕೇಳುತ್ತದೆ. ಬೀಸುವ ಕಲ್ಲು ತಿರುಗುವುದು, ಕತ್ತೆ ಅರಚುವುದು, ಪಕ್ಕದ ಮನೆಯ ಕೂಸು ಬಿಕ್ಕುವುದು, ಎಲ್ಲ. ಗುಡ್ಡದ ಮೇಲಿನವರು ಹಾರಿಸುವ ಗುಂಡು ಮಾತ್ರ ಕೇಳುವುದಿಲ್ಲ, ಹೊಳೆಯಾಚೆಯವರು ಎಸೆಯುವ ಶೆಲ್ಲೂ ಕೇಳುವುದಿಲ್ಲ. ಗೋಡೆ ಬಿದ್ದ ಮೇಲೆ ಇಟ್ಟಿಗೆ ಉರುಳುವುದು ಕೇಳಿಸುತ್ತದೆ. ಅದಕ್ಕೆ ಮೊದಲು ಏನೂ ಇಲ್ಲ. ಯುದ್ಧ ಶುರುವಾದ ದಿನ ಪೇಟೆಯ ಮೇಲಿನ ತುದಿಯಲ್ಲಿ ಅಂಗಡಿಗಳು ನೆಲಕ್ಕೆ ಬೀಳುತ್ತಿದ್ದಾಗ ಕೆಳಗಿನ ತುದಿಯಲ್ಲಿ ಜನ ಮೆಣಸಿನಕಾಯಿಗೆ ಚೌಕಾಸಿ ಮಾಡುತ್ತಿದ್ದರಂತೆ.

ಹಾಗಾಗಿ ನಾವು ನೀರು ನೋಡುವುದನ್ನು ಕಲಿತೆವು. ಪ್ರತಿ ಮನೆಯ ಪಡಸಾಲೆಯಲ್ಲಿ ಅಗಲವಾದ ಒಂದು ಬೋಗುಣಿ, ಅದರ ತುಂಬ ನೀರು. ನೀರಿನ ಮೈ ನಡುಗಿದರೆ ಎಲ್ಲೋ ಶೆಲ್ ಬಿತ್ತು ಎಂದರ್ಥ. ಸಾಮಾನ್ಯವಾಗಿ ಮೊದಲನೆಯದು ದೂರ ಬೀಳುತ್ತದೆ, ಆಮೇಲಿನವು ಹತ್ತಿರ ಬರುತ್ತವೆ. ಆ ನಡುವೆ ಹಗೇವಿಗೆ ಇಳಿದುಬಿಡಬೇಕು. ಹಿಂದೆ ಜೋಳ ತುಂಬಿಡುತ್ತಿದ್ದ ಆ ನೆಲದೊಳಗಿನ ಕುಣಿಗಳಲ್ಲಿ ಈಗ ನಾವೇ ಕೂರುತ್ತಿದ್ದೆವು. ರೊಟ್ಟಿ ಬಡಿಯುವಾಗ, ತಲೆ ಬಾಚುವಾಗ, ಜಗಳಾಡುವಾಗ ಕೂಡ ಮನೆಯ ಯಾರಾದರೊಬ್ಬರ ಕಣ್ಣು ಬೋಗುಣಿಯ ಮೇಲೆ ಇರುತ್ತಿತ್ತು. ಎದುರು ಮನೆಯ ಮೌಲಾಕಾಕಾಗೆ ಕಣ್ಣು ಕಾಣುವುದಿಲ್ಲ. ಬರೀ ಕೈ ಮುಟ್ಟಿ ಅಳತೆ ತಿಳಿದುಕೊಂಡು ಬಳೆ ಇಡಿಸುತ್ತಿದ್ದ ಮುದುಕರು ಅವರು. ಅವರ ಮಣಿಕಟ್ಟಿಗೆ ಒಂದು ಗಟ್ಟಿ ದಾರ ಕಟ್ಟಿ, ಇನ್ನೊಂದು ತುದಿಯನ್ನು ಬೀದಿ ದಾಟಿಸಿ ನಮ್ಮ ಕಿಟಕಿಯ ಸರಳಿಗೆ ತಂದಿದ್ದೆವು. ನೀರು ನಡುಗಿದಾಗ ಜಗ್ಗುತ್ತಿದ್ದೆವು. ಅವರು ತಡಕಾಡುತ್ತ ತಮ್ಮ ಹಗೇವಿಗೆ ಇಳಿಯುತ್ತಿದ್ದರು.

ನಾನು ಸಾವಂತ್ರಿ, ಕುಪ್ಪಸ ಹೊಲಿಯುವವಳು. ನನ್ನ ಗಂಡ ಅರಿವೆ ತರಲು ಬೇರೆ ಊರಿಗೆ ಹೋಗಿದ್ದಾಗ ದಾರಿಗಳು ಮುಚ್ಚಿದವು; ಅಂದಿನಿಂದ ಸುದ್ದಿಯಿಲ್ಲ. ಮನೆಯಲ್ಲಿ ನಾನು ಮತ್ತು ಅತ್ತೆ ನೀಲವ್ವ ಇಬ್ಬರೇ. ಬೇಸಿಗೆಯಲ್ಲಿ ಸುತ್ತಲ ಹಳ್ಳಿಗಳಿಂದ ಜನ ಗಂಟುಮೂಟೆ ಹೊತ್ತು ಓಡಿಬಂದರು. ಹತ್ತಿ ಗಿರಣಿಯ ಗೋದಾಮಿನಲ್ಲಿ ಕಾಲು ಚಾಚಲು ಜಾಗವಿಲ್ಲದಷ್ಟು ಜನ ತುಂಬಿದರು. ಒಂದು ದಿನ ಅತ್ತೆ ಅಲ್ಲಿಗೆ ಹೋದವರು ಒಬ್ಬ ಹೆಂಗಸನ್ನೂ ಅವಳ ಆರು ವರ್ಷದ ಮಗಳನ್ನೂ ಕರೆದುಕೊಂಡು ಬಂದರು. ಹೆಂಗಸು ಕಾಶವ್ವ, ಮಗಳು ಗಿರಿಜಿ. "ಪಡಸಾಲಿ ಖಾಲಿ ಬಿದ್ದದ. ಇರ್ಲಿ" ಎಂದರು ಅತ್ತೆ, ನನ್ನ ಮುಖ ನೋಡದೆ. ಕಾಶವ್ವ ಕಡಿಮೆ ಮಾತಿನವಳು. ಬಂದ ದಿನವೇ ಪೊರಕೆ ಹಿಡಿದಳು. ಗಿರಿಜಿಗೆ ಬೋಗುಣಿ ನೋಡುವ ಕೆಲಸ ಬಹಳ ಹಿಡಿಸಿತು. ಅದರ ಮುಂದೆ ಗಲ್ಲಕ್ಕೆ ಕೈಕೊಟ್ಟು ಬೆಕ್ಕಿನ ಮರಿಯಂತೆ ಕೂತಿರುತ್ತಿದ್ದಳು.

ಆಮೇಲೆ ನೀರು ಎತ್ತುವ ಪಂಪಿನ ಮನೆಗೆ ಶೆಲ್ ಬಿತ್ತು. ನಳ ನಿಂತವು. ಬಾವಿಗಳು ತಳ ಕಂಡವು. ಉಳಿದದ್ದು ಗೋದಾಮಿನ ಹಿಂದಿನ ಹೊಂಡ ಒಂದೇ. ಅಷ್ಟು ಜನರ ಹೊಲಸೆಲ್ಲ ಇಳಿದು ಸೇರುತ್ತಿದ್ದುದೂ ಅದೇ ಹೊಂಡಕ್ಕೆ. ನೀರಿಗೆ ಹಾಕುವ ಬ್ಲೀಚಿಂಗ್ ಪುಡಿ ಬರುತ್ತದೆ ಎಂದರು. ಅದರಿಂದ ಬಾಂಬು ಮಾಡುತ್ತಾರೆಂದು ನಾಕೆಯಲ್ಲಿ ಸಿಪಾಯಿಗಳು ತಡೆದರಂತೆ, ಬರಲಿಲ್ಲ. ಕಟ್ಟಿಗೆ ಇದ್ದವರು ಕಾಸಿ ಕುಡಿದರು, ಇಲ್ಲದವರು ಹಾಗೇ ಕುಡಿದರು. ಮೊದಲು ಗೋದಾಮಿನಲ್ಲಿ ಒಂದು ಮುದುಕಿ ಬೆಳಿಗ್ಗೆ ವಾಂತಿ ಮಾಡಿಕೊಂಡು ಮಧ್ಯಾಹ್ನಕ್ಕೆ ಸತ್ತಳು. ಮರುದಿನ ಗಟ್ಟಿಮುಟ್ಟಾದ ಒಬ್ಬ ಹಮಾಲ. ಆಮೇಲೆ ಲೆಕ್ಕ ಇಡುವವರೇ ಇರಲಿಲ್ಲ. ವಾಂತಿಭೇದಿ, ಕಾಲರಾ ಎಂದು ಜನ ಪಿಸುಗುಟ್ಟಿದರು. ಹೆಸರನ್ನು ಗಟ್ಟಿಯಾಗಿ ಹೇಳಿದರೆ ಮನೆಗೆ ಬಂದುಬಿಡುತ್ತದೆ ಎಂಬಂತೆ.

ನಮ್ಮ ಬೀದಿಯ ಹಿರಿಯರು ಅಡತಿ ಅಂಗಡಿಯ ಗುರುಪಾದಪ್ಪನವರು. ಅವರು ಎಲ್ಲರನ್ನೂ ಕರೆದು ಒಂದು ಕಟ್ಟು ಹಾಕಿದರು. "ಯಾರ ಮನ್ಯಾಗ ಈ ಜಡ್ಡು ಬರ್ತದ, ಆ ಮನಿಯವ್ರು ಬೀದಿ ಬಿಟ್ಟು ಗೋದಾಮಿಗೆ ಹೋಗಬೇಕು. ಹೊರಗಿಂದ ಬಂದವ್ರಾದ್ರ ಗೋದಾಮೂ ಇಲ್ಲ, ಊರ ಬಿಡಬೇಕು." ಎಲ್ಲರಿಗೂ ಹೆದರಿಕೆಯಿತ್ತು, ನನಗೂ ಇತ್ತು. ಕಾಶವ್ವ ಕಂಬದ ಮರೆಯಲ್ಲಿ ನಿಂತು ಕೇಳಿಸಿಕೊಂಡಳು. ಅಂದಿನಿಂದ ನಮ್ಮ ಬೋಗುಣಿಯ ನೀರಿಗೆ ಬೇವಿನ ರಸ ಹಿಂಡತೊಡಗಿದಳು, ಬಾಯಾರಿದ ಗಿರಿಜಿ ಮರೆತು ಬಾಯಿ ಹಾಕಬಾರದೆಂದು. ಅದನ್ನು ನೋಡಿ ಇಡೀ ಬೀದಿ ಹಾಗೆ ಮಾಡಿತು.

ಊರಿನ ಆಚೆ, ದನದ ಸಂತೆ ಕೂಡುತ್ತಿದ್ದ ಜಾಗದಲ್ಲಿ, ತಗಡಿನ ಚಪ್ಪರದ ಕೆಳಗೆ ಎಸ್ತೇರಮ್ಮ ಎಂಬ ನರ್ಸು ಕಾಲರಾದವರನ್ನು ನೋಡುತ್ತಿದ್ದರು. ಮನೆಯಲ್ಲಿ ಇಟ್ಟುಕೊಂಡು ಕಾಯಬೇಡಿ, ಕೂಡಲೇ ತನ್ನಿ, ತಂದರೆ ಬದುಕುತ್ತಾರೆ ಎಂದು ಹೇಳಿ ಕಳಿಸಿದ್ದರು. ನಮ್ಮ ಬೀದಿಯಿಂದ ಯಾರೂ ಹೋಗುತ್ತಿರಲಿಲ್ಲ. ನಡುವೆ ಬಯಲಿತ್ತು. ಗುಡ್ಡದಿಂದಲೂ ಹೊಳೆಯಿಂದಲೂ ಅಂಗೈ ಮೇಲಿನ ಗೆರೆಯಂತೆ ಕಾಣುವ ಬೋಳು ಬಯಲು. ಅಲ್ಲಿ ಬೋಗುಣಿಯಿಲ್ಲ. ಹಿಡಿದುಕೊಂಡು ಹೋಗೋಣವೆಂದರೆ ನಡೆಯುವವರ ಕೈಯಲ್ಲಿ ನೀರು ಯಾವಾಗಲೂ ನಡುಗುತ್ತಲೇ ಇರುತ್ತದೆ. ಏನು ಬರುತ್ತಿದೆ, ಎಲ್ಲಿಂದ ಬರುತ್ತಿದೆ ತಿಳಿಯದೆ ಆ ಮೌನದಲ್ಲಿ ನಡೆಯುವುದಕ್ಕಿಂತ ಮನೆಯಲ್ಲೇ ಸಾಯುವುದು ಮೇಲು ಎಂದು ಜನ ತೀರ್ಮಾನಿಸಿದ್ದರು.

ಅತ್ತೆಗೆ ಶುರುವಾದದ್ದು ಬೆಳಗಿನ ಚಹಾದ ಹೊತ್ತಿಗೆ. ಹಿತ್ತಿಲಿಗೆ ಹೋಗಿ ಬಂದರು, ಕೂರುವ ಮೊದಲೇ ಮತ್ತೆ ಹೋದರು. ಮೂರನೆಯ ಸಲ ಹಿತ್ತಿಲ ಬಾಗಿಲಲ್ಲೇ ಕುಸಿದರು. ಅಕ್ಕಿ ತೊಳೆದ ನೀರಿನಂಥದ್ದು ಅವರ ಸೀರೆಯಿಂದ ಹರಿದು ಬಚ್ಚಲಿನ ಕಡೆ ಹೋಯಿತು. ನಾನು ಹಿಡಿದು ಎತ್ತಿದೆ. ಕೈ ತಣ್ಣಗಿತ್ತು. ಹೊತ್ತು ಏರುವಷ್ಟರಲ್ಲಿ ಕಣ್ಣು ಒಳಗೆ ಹೋಗಿ ಕೆನ್ನೆಯ ಎಲುಬು ಎದ್ದಿತು. ಮೀನಖಂಡ ಹಿಡಿದು ಅವರು ನರಳಿದರು. ಜೀವನಪೂರ್ತಿ ಬೀದಿಗೆಲ್ಲ ಕೇಳುವಂತೆ ಮಾತಾಡಿದ ನನ್ನ ಅತ್ತೆಯ ಗಂಟಲಿನಿಂದ ಗಾಳಿಯಷ್ಟೇ ಬರುತ್ತಿತ್ತು.

ನಾನು ಬಾಗಿಲು ಮುಚ್ಚಿದೆ, ಯಾರಿಗೂ ತಿಳಿಯಬಾರದೆಂದು. ಕಾಶವ್ವ ಬಂದು ಅವರ ಮುಂಗೈ ಚರ್ಮವನ್ನು ಚಿವುಟಿ ಎತ್ತಿ ಬಿಟ್ಟಳು. ಎತ್ತಿದ ಚರ್ಮ ಹಾಗೇ ನಿಂತಿತು, ಇಳಿಯಲಿಲ್ಲ.

"ಅಕ್ಕಾ, ಸಂಜಿತನ ಇರೂದಿಲ್ಲ ಇವರು. ಗೋದಾಮಿನ್ಯಾಗ ನೋಡೀನಿ ನಾ. ಬಯಲು ದಾಟೂಣು."

"ದಾಟೂದು ಹ್ಯಾಂಗ?"

"ಹೊರಸಿನ ಮ್ಯಾಲ ಹಾಕ್ಕೊಂಡು. ನೀ ಹಿಂದ ಹಿಡಿ, ನಾ ಮುಂದ."

"ಗಿರಿಜಿ?"

ಅವಳು ಬೋಗುಣಿಯ ಮುಂದೆ ಕೂತ ಮಗಳ ಕಡೆ ನೋಡಿದಳು. "ಬಯಲಿಗೆ ಆಕೀನ್ನ ತರೂದಿಲ್ಲ. ಕಾಕಾನ ಹಂತೇಕ ಬಿಡೂಣು."

ಕಣ್ಣಿಲ್ಲದ ಮುದುಕರ ಹತ್ತಿರ ಆರು ವರ್ಷದ ಮಗು. ಬೇರೆ ಯಾರನ್ನು ಕೇಳಿದರೂ ಯಾಕೆ ಎಂದು ಕೇಳುತ್ತಿದ್ದರು. ಮೌಲಾಕಾಕಾ ಕೇಳಲಿಲ್ಲ. ಅವರ ಮಣಿಕಟ್ಟಿನ ದಾರವನ್ನು ಚಿಕ್ಕದು ಮಾಡಿ ಕಾಶವ್ವ ಮಗಳ ಮಣಿಕಟ್ಟಿಗೆ ಕಟ್ಟಿದಳು. "ನೀರು ಅಲಗ್ಯಾಡಿದ್ರ ಅಜ್ಜಾನ್ನ ಜಗ್ಗು, ಹಗೇವಿಗೆ ಇಳೀರಿ. ಬಾಯಾರಿಕಿ ಆದ್ರ ಗಡಿಗ್ಯಾಗ ಕಾಸಿದ ನೀರೈತಿ, ಅದನ್ನ ಅಷ್ಟ ಕುಡಿ. ಬ್ಯಾರೆ ಯಾವುದನ್ನೂ ಮುಟ್ಟಬ್ಯಾಡ." ಗಿರಿಜಿ ತಲೆಯಾಡಿಸಿದಳು, ಬೋಗುಣಿಯಿಂದ ಕಣ್ಣು ತೆಗೆಯದೆ. ತಾಯಿ ಹೋಗುವುದನ್ನು ಅವಳು ನೋಡಲಿಲ್ಲ.

ಅತ್ತೆಯನ್ನು ಹೊರಸಿನ ಮೇಲೆ, ಹಗ್ಗ ಹೆಣೆದ ಆ ಹಗುರ ಮಂಚದ ಮೇಲೆ, ಮಲಗಿಸಿ ಹಿತ್ತಿಲ ದಾರಿಯಿಂದ ಹೊರಟೆವು. ಬಯಲಿನ ಅಂಚಿಗೆ ಬಂದೆವು. ಬಿಸಿಲಿತ್ತು. ಹಕ್ಕಿಯೊಂದು ಎಲ್ಲೋ ಕೂಗುತ್ತಿತ್ತು. ಹಗ್ಗದ ಹೊರಸು ಕಿರುಗುಟ್ಟುತ್ತಿತ್ತು. ಇಷ್ಟು ಸಣ್ಣ ಸದ್ದೆಲ್ಲ ಕೇಳುತ್ತಿರುವಾಗ ದೊಡ್ಡದೊಂದು ಕೇಳದೆ ಬರಬಹುದು ಎಂಬುದನ್ನು ಮೈ ಒಪ್ಪುವುದಿಲ್ಲ. ಆದರೂ ಬೆನ್ನು ತಾನಾಗಿ ಬಗ್ಗುತ್ತದೆ. ನಾನು ಕಾಶವ್ವನ ಹಿಮ್ಮಡಿಗಳನ್ನು ಮಾತ್ರ ನೋಡುತ್ತ ನಡೆದೆ. ಸ್ವಲ್ಪ ದೂರ ಹೋದ ಮೇಲೆ ಅವಳು ಹೊರಸು ಇಳಿಸು ಎಂದಳು, ಒಂದು ಮುರಿದ ಗಾಡಿಯ ಮರೆಗೆ ಹೋಗಿ ಬಂದಳು. ಮತ್ತೆ ಸ್ವಲ್ಪ ದೂರಕ್ಕೆ ಇನ್ನೊಮ್ಮೆ. ಹೆದರಿಕೆಗೆ ಹೀಗಾಗುತ್ತಿದೆ ಅಂದುಕೊಂಡೆ.

ನಡು ಬಯಲಿನಲ್ಲಿ, ನಮ್ಮ ಎಡಕ್ಕೆ ನೆಲ ಎದ್ದಿತು. ಮಣ್ಣಿನ ಒಂದು ಕಂಬ, ತಾಳೆಮರದಷ್ಟು ಎತ್ತರ, ಎದ್ದು ನಿಂತು ನಿಧಾನ ಉದುರಿತು. ಉದುರುವ ಮಣ್ಣಿನ ಸದ್ದು ಮಾತ್ರ ಮಳೆಯ ಹನಿಯಂತೆ ಕೇಳಿತು. ನಾವಿಬ್ಬರೂ ನೆಲಕ್ಕೆ ಬಿದ್ದೆವು. ಹೊರಸಿನ ಮೇಲೆ ಅತ್ತೆ ಹಾಗೇ ಆಕಾಶ ನೋಡುತ್ತ ಮಲಗಿದ್ದರು. ಅವರ ತುಟಿ ಆಡುತ್ತಿತ್ತು. ಕಿವಿ ಹತ್ತಿರ ಒಯ್ದೆ. "ಬಿಟ್ಟು ಹೋಗ್ರೆವಾ" ಎನ್ನುತ್ತಿದ್ದರು. ಎರಡನೆಯ ಕಂಬ ನಮ್ಮ ಹಿಂದೆ ಎದ್ದಿತು. ಮೂರನೆಯದು ಎಲ್ಲಿ ಏಳುತ್ತದೆ ಎಂದು ನಾನು ಮಣ್ಣಿಗೆ ಹಣೆ ಒತ್ತಿ ಕಾದೆ. ಅದು ಏಳಲಿಲ್ಲ, ಅಥವಾ ನಾನು ನೋಡದ ಕಡೆ ಎದ್ದಿತು. ಕಾಶವ್ವ ನನ್ನ ತೋಳು ಹಿಡಿದು ಎಬ್ಬಿಸಿದಳು. ಅವಳ ಕೈ ಅತ್ತೆಯ ಕೈಯಷ್ಟೇ ತಣ್ಣಗಿತ್ತು. ಆಗಲೂ ನನಗೆ ಹೊಳೆಯಲಿಲ್ಲ.

ಚಪ್ಪರದಲ್ಲಿ ಸುಣ್ಣದ ವಾಸನೆಯಿತ್ತು. ನೆಲದ ಮೇಲೂ, ನಡುವೆ ತೂತು ಕೊರೆದು ಕೆಳಗೆ ಬಕೆಟ್ ಇಟ್ಟ ಮಂಚಗಳ ಮೇಲೂ ಗೋದಾಮಿನ ಜನ ಮಲಗಿದ್ದರು. ಅವರಿಗೆ ದಾಟಲು ಬಯಲಿರಲಿಲ್ಲ, ಗೋದಾಮಿನ ಹಿಂದಿನ ಓಣಿಯಿಂದ ಬರುತ್ತಿದ್ದರು. ನಮ್ಮ ಬೀದಿಯಿಂದ ಗೋದಾಮಿಗೆ ಹೋಗಲು ಪೇಟೆಯಲ್ಲಿ ಬಿದ್ದ ಅಂಗಡಿಗಳ ರಾಶಿ ಹತ್ತಿಳಿಯಬೇಕು; ಕೊಡ ಹೊತ್ತು ದಾಟಬಹುದು, ಹೊರಸು ಹೊತ್ತು ಆಗದು. ಎಸ್ತೇರಮ್ಮ ಸಣ್ಣ ಆಳು, ನಿದ್ದೆಯಿಲ್ಲದ ಕೆಂಪು ಕಣ್ಣು. ಅತ್ತೆಯ ನಾಡಿ ಹಿಡಿದು, "ಸಣ್ಣಗ ಸಿಗ್ತದ. ನುಂಗ್ತಾರಿವರು. ಕುಡಸ್ರಿ, ಒಂದೊಂದು ಚಮಚ, ಕಕ್ಕಿದ್ರೂ ಬಿಡಬ್ಯಾಡ್ರಿ" ಎಂದು ಉಪ್ಪು ಸಕ್ಕರೆ ಬೆರೆಸಿದ ನೀರಿನ ಲೋಟವನ್ನು ನನ್ನ ಕೈಗೆ ಕೊಟ್ಟರು. ಅಷ್ಟರಲ್ಲಿ ಹಿಂದೆ ಏನೋ ಬಿದ್ದಂತಾಯಿತು. ತಿರುಗಿ ನೋಡಿದರೆ ಕಾಶವ್ವ.

ಎಸ್ತೇರಮ್ಮ ಓಡಿಬಂದು ಅವಳ ಸೀರೆಯ ನೆರಿಗೆ ಸರಿಸಿದರು. ಒಳಗೆ ಹರಿದ ಅರಿವೆಗಳನ್ನು ಪದರ ಪದರವಾಗಿ ಸುತ್ತಿಕೊಂಡಿದ್ದಳು, ಎಲ್ಲ ತೊಯ್ದಿದ್ದವು. ಮಣಿಕಟ್ಟಿನಲ್ಲಿ ನಾಡಿ ಸಿಗಲಿಲ್ಲ.

"ಇಕೀಗೆ ಯಾವಾಗಿಂದ?"

ನನಗೆ ಗೊತ್ತಿರಲಿಲ್ಲ. ಕಾಶವ್ವನೇ ತುಟಿ ಆಡಿಸಿದಳು. "ನಸುಕಿನಿಂದ."

"ಹೇಳಬಾರದೇನ ನನ್ನ ಮುಂದ?" ಎಂದು ನಾನು ಕೂಗಿದೆ.

"ಹೇಳಿದ್ರ ಊರ ಬಿಡಸ್ತಿದ್ರು. ಗಿರಿಜಿನ್ನ ಕರಕೊಂಡು ಎಲ್ಲಿ ಹೋಗ್ಲಿ ಅಕ್ಕಾ..."

ಸಲೈನ್ ಬಾಟಲಿಗಳು ಬೆರಳೆಣಿಕೆಯಷ್ಟಿದ್ದವು. ಎಸ್ತೇರಮ್ಮ ಒಮ್ಮೆ ಅತ್ತೆಯನ್ನು, ಒಮ್ಮೆ ಕಾಶವ್ವನನ್ನು ನೋಡಿ ಬಾಟಲಿಯನ್ನು ಕಾಶವ್ವನ ತಲೆಯ ಮೇಲಿನ ಗಳಕ್ಕೆ ತೂಗುಹಾಕಿದರು. ನರ ಸಿಗಲು ಬಹಳ ಹೊತ್ತಾಯಿತು. ಸಿಕ್ಕ ಮೇಲೆ, "ನೀರು ಇಳೀಲಿ. ನೋಡೂಣು" ಎಂದಷ್ಟೇ ಹೇಳಿದರು.

ನಾನು ಇಬ್ಬರ ನಡುವೆ ಕೂತು ಅತ್ತೆಗೆ ಚಮಚ ಹಿಡಿಯುತ್ತಿದ್ದೆ. ಕಕ್ಕಿದರು, ಮತ್ತೆ ಕೊಟ್ಟೆ. ಮತ್ತೆ ಕಕ್ಕಿದರು, ಮತ್ತೆ ಕೊಟ್ಟೆ. ಆಗ ಯಾರೋ, "ಊರ ಕಡೆ ನೋಡ್ರಿ" ಎಂದರು. ಬಯಲಿನಾಚೆ, ನಮ್ಮ ಬೀದಿ ಇರಬೇಕಾದ ಕಡೆ, ಕೆಂಪು ಧೂಳು ಎದ್ದು ಆಕಾಶದಲ್ಲಿ ಹರಡುತ್ತಿತ್ತು. ಒಂದು, ಅದರ ಪಕ್ಕ ಇನ್ನೊಂದು. ಸದ್ದಿದ್ದಿದ್ದರೆ ಎಷ್ಟು ದೊಡ್ಡದು, ಎಷ್ಟು ಹತ್ತಿರ ಎಂದಾದರೂ ಊಹಿಸಬಹುದಿತ್ತು. ಬರೀ ಧೂಳು ಏನನ್ನೂ ಹೇಳುವುದಿಲ್ಲ. ಕಾಶವ್ವನ ಕಣ್ಣು ತೆರೆದಿತ್ತು, ಅವಳೂ ನೋಡಿದಳು. ಸೂಜಿ ಚುಚ್ಚಿದ ಕೈಯನ್ನು ಎತ್ತಲು ಹೋದಳು. ನಾನು ಒತ್ತಿ ಹಿಡಿದೆ.

ಅತ್ತೆ ನನ್ನ ಸೆರಗು ಜಗ್ಗಿದರು. ಲೋಟವನ್ನು ಎರಡೂ ಕೈಯಿಂದ ಎದೆಯ ಮೇಲೆ ಹಿಡಿದುಕೊಂಡು, ಗಾಳಿಯಂಥ ದನಿಯಲ್ಲಿ, "ನಾ ಕುಡೀತೀನಿ. ಆಕೀಗೂ ಹಾಕ್ತೀನಿ. ಕೂಸಿನ್ನ ತಾ ಹೋಗು" ಎಂದರು.

ಈ ಸಲ ಕೈಯಲ್ಲಿ ಹೊರಸಿರಲಿಲ್ಲ, ಮುಂದೆ ನೋಡಲು ಯಾರ ಹಿಮ್ಮಡಿಯೂ ಇರಲಿಲ್ಲ. ನಾನು ಓಡಿದೆ. ಬಯಲಿನಲ್ಲಿ ಮಣ್ಣು ಎದ್ದಿತೋ ಇಲ್ಲವೋ ನೆನಪಿಲ್ಲ. ಗಿರಿಜಿಯ ಹೆಸರನ್ನು ಗಟ್ಟಿಯಾಗಿ ಕೂಗುತ್ತ ಓಡಿದೆನೆಂದು ಆಮೇಲೆ ಗಂಟಲು ನೋಯುತ್ತಿದ್ದುದರಿಂದ ತಿಳಿಯಿತು.

ಬೀದಿಯ ಬಾಯಲ್ಲಿದ್ದ ಪತ್ತಾರರ ಖಾಲಿ ಮನೆ ಕುಸಿದಿತ್ತು. ಅದರಾಚೆ ಉಳಿದ ಮನೆಗಳು ನಿಂತಿದ್ದವು. ಮೌಲಾಕಾಕಾರ ಮನೆ ನಿಂತಿತ್ತು. ಉಸಿರು ಬಿಡುವ ಮೊದಲೇ ಇಟ್ಟಿಗೆಯ ರಾಶಿಯ ಮೇಲೆ ಗುರುಪಾದಪ್ಪನವರು ಕಂಡರು, ಕೈಯಲ್ಲಿ ಬಡಿಗೆ. ನಾವು ಹಿತ್ತಿಲಿನಿಂದ ಹೋದದ್ದನ್ನು ಯಾರೋ ನೋಡಿದ್ದರು.

"ಅಲ್ಲೇ ನಿಂದ್ರು ಸಾವಂತ್ರಿ. ನೀಲವ್ವಗ ಜಡ್ಡು ಬಂದದ ಹೌದಲ್ಲೋ?"

"ಬಂದದ್ರಿ. ಕಾಶವ್ವಗೂ ಬಂದದ. ಕೂಸಿನ್ನ ಒಯ್ಯಾಕ ಬಂದೀನಿ."

"ಕೂಸಿನ್ನ ಹೊರಗ ಕಳಸ್ತೀವಿ. ನೀ ಒಳಗ ಕಾಲಿಡಬ್ಯಾಡ. ಇನ್ನ ಮ್ಯಾಲ ನಿಮ್ಮ ಮನಿ ಇಲ್ಲಿಲ್ಲ."

ಹಾಗೆಂದವರು ತಮ್ಮ ಮನೆಯ ಮುಚ್ಚಿದ ಬಾಗಿಲ ಕಡೆ ತಿರುಗಿ ನೋಡಿದರು. ಹಗೇವಿನಿಂದ ಮೌಲಾಕಾಕಾ ಮೇಲೆ ಬಂದರು, ಅವರ ಹಿಂದೆ ದಾರಕ್ಕೆ ಕಟ್ಟಿದ ಕರುವಿನಂತೆ ಗಿರಿಜಿ. ಮೈತುಂಬ ಮಣ್ಣು. "ನಾ ಜಗ್ಗಿದೆ" ಎಂದಳು ನನ್ನನ್ನು ನೋಡಿ, "ಎರಡ ಸಲ ಜಗ್ಗಿದೆ. ಅವ್ವ ಎಲ್ಲಿ?"

"ಅವ್ವ ಸಿಸ್ಟರ್ ಹಂತೇಕ ಅದಾಳ. ಔಷಧದ ನೀರು ಕೊಡಾಕತ್ಯಾರ. ಅತ್ತಿನೂ ಅಲ್ಲೇ ಅದಾರ, ಕುಡ್ಯಾಕತ್ಯಾರ" ಎಂದೆ. ಬೀದಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ. ಮುಚ್ಚಿದ ಬಾಗಿಲುಗಳ ಹಿಂದೆ ಜನ ಇದ್ದಾರೆಂದು ಗೊತ್ತಿತ್ತು. "ಬಯಲು ದಾಟಿದ್ವಿ. ಸಾಯಲಿಲ್ಲ ನಾವು."

ಗುರುಪಾದಪ್ಪನವರ ಮನೆಯ ಬಾಗಿಲು ತೆರೆಯಿತು. ಅವರ ಸೊಸೆ ಶೈಲಾ ಹೊಸ್ತಿಲಲ್ಲಿ ನಿಂತಳು, ಕೈಯಲ್ಲಿ ತೊಯ್ದ ಅರಿವೆಯ ಮುದ್ದೆ.

"ಮಾವಾರ, ಸಾಕು ಮಾಡ್ರಿ. ಅತ್ತಿ ನಿನ್ನೆಯಿಂದ ಎದ್ದಿಲ್ಲ. ಈಗ ಕಣ್ಣೂ ತೆರೀವಲ್ರು."

"ಒಳಗ ನಡಿ" ಎಂದರು ಅವರು. ಆದರೆ ದನಿಯಲ್ಲಿ ಬಲವಿರಲಿಲ್ಲ.

"ಎಷ್ಟಂತ ಮುಚ್ಚಿಡೂದ್ರಿ? ಇವ್ರು ಹೋಗಿ ಬಂದಾರ, ಕಣ್ಣಾರೆ ನೋಡಾಕತ್ತೀರಿ."

ಗುರುಪಾದಪ್ಪನವರು ಬಡಿಗೆಯನ್ನು ನೋಡಿದರು, ಅದು ಯಾರದೋ ಎಂಬಂತೆ. ಪಕ್ಕದ ಮನೆಯ ಬಾಗಿಲು ತೆರೆಯಿತು. ಅದರಾಚೆಯದೂ ತೆರೆಯಿತು. "ನಮ್ಮ ಹುಡುಗಗ ಮುಂಜಾನಿಂದ" ಎಂದು ಒಬ್ಬಳು ಅಳತೊಡಗಿದಳು. ಇನ್ನೊಂದು ಮನೆಯಿಂದ ಮಾತಿಲ್ಲದೆ ಒಂದು ಹೊರಸು ಹೊರಬಂತು, ಅದರ ಮೇಲೆ ಕಂಬಳಿ ಹೊದೆಸಿದ ಯಾರೋ. ಬೀದಿಯ ಅರ್ಧ ಮನೆಗಳು ಹೀಗೆ ಬಾಗಿಲು ಹಾಕಿಕೊಂಡು ತಮ್ಮವರು ಒಣಗುವುದನ್ನು ನೋಡುತ್ತ ಕೂತಿದ್ದವು, ಒಬ್ಬರಿಗೊಬ್ಬರು ಹೆದರಿ.

ಗುರುಪಾದಪ್ಪನವರು ಒಳಗೆ ಹೋಗಿ ಹೆಂಡತಿ ಬಸಲಿಂಗವ್ವನನ್ನು ಹೊರಸಿನ ಮೇಲೆ ಹೊತ್ತು ತಂದರು. ಮಗ ಊರಲ್ಲಿರಲಿಲ್ಲ, ಮುಂದೆ ಒಂದು ಕಡೆ ಅವರು, ಇನ್ನೊಂದು ಕಡೆ ಪಕ್ಕದ ಮನೆಯಾತ, ಹಿಂದೆ ಒಂದು ಕಡೆ ಶೈಲಾ. ನಾಲ್ಕನೆಯ ಕಾಲಿಗೆ ಜನ ಬೇಕಿತ್ತು. ಮೌಲಾಕಾಕಾ ದಾರ ಬಿಚ್ಚಿಕೊಂಡು ತಡಕಾಡಿ ಹೊರಸಿನ ಕಾಲು ಹಿಡಿದರು. "ದಾರಿ ನೀವು ನೋಡ್ರಿ. ಹೊರೂದು ನನಗ ಬರ್ತದ." ಗಿರಿಜಿಯನ್ನು ಬಿಟ್ಟುಬರಲು ಇನ್ನು ಯಾರೂ ಇರಲಿಲ್ಲ. ಅವಳ ಕೈ ಹಿಡಿದುಕೊಂಡೆ. ಗೊತ್ತಾಗದಂತೆ ಅವಳ ಮುಂಗೈ ಚರ್ಮವನ್ನು ಚಿವುಟಿ ಬಿಟ್ಟೆ. ಅದು ಕೂಡಲೇ ಇಳಿಯಿತು. ದಾರಿಯುದ್ದಕ್ಕೂ ಮತ್ತೆ ಮತ್ತೆ ಚಿವುಟಿದೆ.

ಬಯಲಿನಲ್ಲಿ ನಾವು ಸಾಲಾಗಿ ನಡೆದೆವು. ಹೊರಸುಗಳ ಕಿರುಗುಟ್ಟು, ನರಳಿಕೆ, ಒಂದು ಮಗುವಿನ ಬಿಕ್ಕಳಿಕೆ, ಅಷ್ಟೇ. ಬಲಕ್ಕೆ ದೂರದಲ್ಲಿ ಮಣ್ಣಿನ ಕಂಬ ಎದ್ದಿತು. ಸಾಲು ನಿಂತಿತು. ಹೊರಸು ಹೆಗಲ ಮೇಲಿದ್ದಾಗ ನೆಲಕ್ಕೆ ಬೀಳುವುದು ಹೇಗೆ? ಯಾರೋ ಹಿಂದಿನಿಂದ, "ನಡೀರಿ, ನಡೀರಿ" ಎಂದರು. ನಡೆದೆವು. ಆ ದಿನ ಎರಡೂ ಕಡೆಯವರು ನಮ್ಮನ್ನು ನೋಡಿ ಸುಮ್ಮನಾದರೋ, ಗುರಿ ತಪ್ಪಿತೋ, ಇವತ್ತಿಗೂ ನನಗೆ ತಿಳಿಯದು. ಅವರು ಹೊಡೆಯುತ್ತಲೇ ಇದ್ದಿರಬಹುದು. ನಮಗೆ ಕೇಳುವುದಿಲ್ಲವಲ್ಲ.

ಬಸಲಿಂಗವ್ವನ ಕೈ ಹೊರಸಿನಿಂದ ಕೆಳಗೆ ಜಾರಿ ತೂಗಾಡತೊಡಗಿತು. ಗುರುಪಾದಪ್ಪನವರು ಹಿಂತಿರುಗಿ ನೋಡಿದರು, ಒಂದು ಕೈಯಿಂದ ಅದನ್ನು ಎತ್ತಿ ಕಂಬಳಿಯ ಒಳಗಿಟ್ಟರು. ಸ್ವಲ್ಪ ದೂರಕ್ಕೆ ಅದು ಮತ್ತೆ ಜಾರಿತು. ಈ ಸಲ ಅವರು ಅದನ್ನು ಎತ್ತಲಿಲ್ಲ, ಹಿಡಿದುಕೊಂಡೇ ನಡೆದರು.

ಚಪ್ಪರಕ್ಕೆ ಬಂದಾಗ ಗಿರಿಜಿ ನನ್ನ ಕೈ ಬಿಡಿಸಿಕೊಂಡು ಓಡಿದಳು. ಅತ್ತೆ ಒಂದು ಪಕ್ಕಕ್ಕೆ ಹೊರಳಿ, ಮೊಣಕೈ ಊರಿ, ಕಾಶವ್ವನ ತುಟಿಗೆ ಚಮಚ ಹಿಡಿದಿದ್ದರು. ಅರ್ಧ ಚೆಲ್ಲುತ್ತಿತ್ತು. ನಾನು ಕಾಶವ್ವನ ಗಂಟಲನ್ನೇ ನೋಡಿದೆ. ಅದು ಒಮ್ಮೆ ಅಲುಗಿತು. ನೀರು ಇಳಿಯಿತು. ಮಣಿಕಟ್ಟು ಹಿಡಿದರೆ, ಬಹಳ ಹೊತ್ತು ಹುಡುಕಿದ ಮೇಲೆ, ಸಣ್ಣದೊಂದು ಮಿಡಿತ ಬೆರಳಿಗೆ ತಾಗಿತು. "ಮಾತಾಡಸಬ್ಯಾಡ" ಎಂದರು ಎಸ್ತೇರಮ್ಮ ಗಿರಿಜಿಗೆ, "ಹಂತೇಕ ಕೂಡು, ಸಾಕು. ಇಕಿ ಉಳೀತಾಳ."

ಆಮೇಲೆ ಅವರು ಹೊರಸಿನಿಂದ ಹೊರಸಿಗೆ ಹೋದರು. ಹುಡುಗನಿಗೆ ಸೂಜಿ, ಮುದುಕನಿಗೆ ಲೋಟ. ಬಸಲಿಂಗವ್ವನ ಹತ್ತಿರ ಬಂದು ಬಗ್ಗಿದಾಗ ಗುರುಪಾದಪ್ಪನವರು, "ಆಕೀನ್ನ ನೋಡಬ್ಯಾಡ್ರಿ. ಬಯಲಾಗ ಆತದು" ಎಂದರು.

ಶೈಲಾ ಬಾಯಿಗೆ ಸೆರಗು ತುರುಕಿಕೊಂಡಳು. ಅವರು ಹೆಂಡತಿಯನ್ನು ತಾವೇ ಎತ್ತಿ ಚಪ್ಪರದ ಅಂಚಿಗೆ ಒಯ್ದು ನೆಲದ ಮೇಲೆ ಮಲಗಿಸಿದರು, ಹೆಗಲ ಮೇಲಿನ ವಲ್ಲಿಯನ್ನು ಮುಖಕ್ಕೆ ಹೊದೆಸಿದರು. ಖಾಲಿಯಾದ ಹೊರಸನ್ನು ಎಳೆದುಕೊಂಡು ಬಂದು, ಬರಿ ನೆಲದ ಮೇಲೆ ಮುದುರಿಕೊಂಡಿದ್ದ ಗೋದಾಮಿನ ಹೆಂಗಸೊಬ್ಬಳ ಪಕ್ಕ ಇಟ್ಟರು. "ಇದರ ಮ್ಯಾಲ ಮಲಗಸ್ರಿ." ಎಲ್ಲಿಗೆ ಹೋಗಬೇಕೆಂದು ತಿಳಿಯದವರಂತೆ ಸುತ್ತ ನೋಡಿ, "ನೀರು ಎಲ್ಲಿ ಕಾಸ್ತೀರಿ?" ಎಂದು ಕೇಳಿದರು.

ಎಸ್ತೇರಮ್ಮ ಹಿಂದಿನ ಮೂರು ಕಲ್ಲಿನ ಒಲೆ ತೋರಿಸಿದರು. ಗುರುಪಾದಪ್ಪನವರು ಅದರ ಮುಂದೆ ಕುಕ್ಕರಗಾಲಲ್ಲಿ ಕೂತು, ಹಂಡೆ ಸರಿಮಾಡಿ, ಊದುಗೊಳವೆ ಎತ್ತಿಕೊಂಡರು. ಹೊಗೆ ಎದ್ದಿತು, ಕಟ್ಟಿಗೆ ಸಿಡಿಯಿತು. ನಾನು ಅತ್ತೆಯ ಕೈಯಿಂದ ಚಮಚ ತೆಗೆದುಕೊಂಡು ಇಬ್ಬರಿಗೂ ಒಂದೊಂದೇ ಗುಟುಕು ಹಾಕುತ್ತ ಅವರ ಬೆನ್ನನ್ನು ನೋಡುತ್ತಿದ್ದೆ. ಉರಿ ಚೆನ್ನಾಗಿ ಹತ್ತಿಕೊಂಡಿತ್ತು. ಅದಾದ ಮೇಲೂ ಬಹಳ ಹೊತ್ತು ಅವರು ಊದುತ್ತಲೇ ಇದ್ದರು.